ನಮ್ಮತ್ತೆಯ ಬ್ಯಾಟರಿ ಕಾರು

ಯಾರದಾದರೂ ಮನೆಗೆ ಹೊಸ ಎಮ್ಮೆ ಬಂದರೆ ನೋಡಲು ಬಂದವರು ಅದರ ಮುಖ ನೋಡುವುದಿಲ್ಲ, ಕೆಚ್ಚಲು ನೋಡುತ್ತಾರೆ. ವಾಹನ ಬಂದರೂ ಅಷ್ಟೇ. ಬಣ್ಣ ಚೆಂದವೇ, ಸೀಟು ಮೆತ್ತಗಿದೆಯೇ ಎಂದು ಕೇಳುವವರನ್ನು ನಾನು ಕಂಡಿಲ್ಲ. "ಎಷ್ಟ ಕೊಡತೈತ್ರಿ?" ಎನ್ನುವುದೇ ಎಲ್ಲರ ಮೊದಲ ಪ್ರಶ್ನೆ. ನಮ್ಮ ಮನೆಯ ಮುಂದೆ ಬ್ಯಾಟರಿ ಕಾರು ನಿಂತಿದ್ದ ದಿನಗಳಲ್ಲಿ ದಾಂಡೇಲಿ ಪಕ್ಕದ ನಮ್ಮ ಅಂಬೇವಾಡಿಯ ಹಿರಿಯರು, ಕಿರಿಯರು, ಹಾಲು ಕೊಡಲು ಬಂದವಳು, ದಾರಿ ತಪ್ಪಿ ಬಂದವರು ಎಲ್ಲರೂ ಇದನ್ನೇ ಕೇಳಿದರು. ನಮ್ಮವರು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು. "ಹಳಿಯಾಳ ಮುಟ್ಟೂದು ಗ್ಯಾರಂಟಿ. ಹೊಳ್ಳಿ ಬರೂದು ದೇವರ ಕೈಯಾಗ ಐತಿ."

ನಮ್ಮವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದವರು. ನಾನು ಅಲ್ಲಿಯೇ ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲಿ ನಮ್ಮಿಬ್ಬರ ಜೊತೆ ನಮ್ಮತ್ತೆ ಗೌರವ್ವ. ಈ ಕಾರು ಹುಟ್ಟಿದ್ದು ಪೆಟ್ರೋಲು ತುಟ್ಟಿಯಾಯಿತೆಂದಲ್ಲ, ನಮ್ಮವರಿಗೆ ವಿಜ್ಞಾನದ ಹುಚ್ಚಿತ್ತೆಂದೂ ಅಲ್ಲ. ಹುಚ್ಚು ಇತ್ತು ನಿಜ, ಆದರೆ ಕಾರಣ ಬೇರೆ. ನಮ್ಮತ್ತೆಗೆ ಬಸ್ಸಿನ ವಾಸನೆ ಆಗುತ್ತಿರಲಿಲ್ಲ.

'ಆಗುತ್ತಿರಲಿಲ್ಲ' ಎಂಬುದು ತೀರ ಮೆದುವಾದ ಮಾತು. ಡೀಸೆಲ್ಲಿನದೋ ಪೆಟ್ರೋಲಿನದೋ ಹೊಗೆಯ ಎಳೆಯೊಂದು ಮೂಗಿಗೆ ತಾಗಿದರೆ ಸಾಕು, ಅವರ ಮುಖ ಸುಣ್ಣದಂತಾಗುತ್ತಿತ್ತು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿರುವಾಗಲೇ ಕಿಟಕಿಯ ಪಕ್ಕ ಕೂತು, ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಶಿವನಾಮ ಶುರು ಮಾಡುತ್ತಿದ್ದರು. ಬಸ್ಸು ಊರ ಹೊರಗಿನ ಮೊದಲ ತಿರುವು ದಾಟುವ ಹೊತ್ತಿಗೆ ನಿಂಬೆಯೂ ಸೋಲುತ್ತಿತ್ತು, ಶಿವನೂ ಕೈ ಬಿಡುತ್ತಿದ್ದ. ಆಮೇಲೆ ಎರಡು ದಿನ ಹಾಸಿಗೆ. ಹೀಗಾಗಿ ಅವರು ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಕಾಲು ಎಷ್ಟು ದೂರ ಒಯ್ಯುತ್ತದೆಯೋ ಅಷ್ಟೇ ಅವರ ಲೋಕ. ಮಂಡಿ ನೋವು ಹೆಚ್ಚಾದಂತೆ ಆ ಲೋಕವೂ ಸಣ್ಣದಾಗುತ್ತ ಬಂದು, ಕೊನೆಗೆ ನಮ್ಮ ಓಣಿಯ ತುದಿಯ ಹುಣಸೆಮರಕ್ಕೆ ಬಂದು ನಿಂತಿತ್ತು.

ಅವರ ತಂಗಿ ನೀಲವ್ವ ಮುಂಡಗೋಡದಲ್ಲಿದ್ದಳು. ಅಕ್ಕ ಬಾರದಿದ್ದರೇನು, ತಂಗಿ ಬರುತ್ತಿದ್ದಳು. ವರ್ಷಕ್ಕೊಮ್ಮೆ ಬಸ್ಸಿನಿಂದ ಇಳಿಯುತ್ತಲೇ ಏರುದನಿಯಲ್ಲಿ "ಅಕ್ಕಾ, ನಾ ಬಂದ್ನೇ" ಎಂದು ಕೂಗುತ್ತಿದ್ದಳು. ಆ ಕೂಗು ಮನೆಗೆ ಕೇಳುವಷ್ಟು ಬಸ್‌ ಸ್ಟ್ಯಾಂಡು ಹತ್ತಿರವಿರಲಿಲ್ಲ, ಆದರೂ ಕೇಳಿಸಿತೆಂದು ನಮ್ಮತ್ತೆ ಹೇಳುತ್ತಿದ್ದರು. ಬಂದ ಮೇಲೆ ಅಕ್ಕತಂಗಿಯರು ಜಗಳಾಡುತ್ತಿದ್ದರು. ಸಾರಿಗೆ ಬೆಲ್ಲ ಹಾಕುವ ವಿಷಯದಿಂದ ಹಿಡಿದು, ಸತ್ತು ಹೋದ ಸೋದರತ್ತೆಯ ಮೂಗುತಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದರವರೆಗೆ.

ಆ ವರ್ಷ ನೀಲವ್ವ ಬರಲಿಲ್ಲ. ಮುಂಡಗೋಡದ ಕಡೆಯಿಂದ ಬಂದ ನೆಂಟರೊಬ್ಬರು, ಆಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾಳೆ, ಮತ್ತೆ ನಡೆಯುವುದು ಕಷ್ಟ ಎಂದು ಹೇಳಿದರು. "ಬಾಗಲಾ ಸಪ್ಪಳಾದ್ರ ಸಾಕ್ರಿ, ನಮ್ಮಕ್ಕ ಬಂದ್ಳೇನು ಅಂತ ಕೇಳ್ತಾಳ" ಎಂದೂ ಹೇಳಿದರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮತ್ತೆ ಒಂದು ಗಂಟು ಕಟ್ಟಿಕೊಂಡು, ನಿಂಬೆಹಣ್ಣು ಹಿಡಿದು ಬಾಗಿಲಲ್ಲಿ ಕೂತಿದ್ದರು. ಬಸ್‌ ಸ್ಟ್ಯಾಂಡಿಗೆ ಕರೆದೊಯ್ದೆವು. ಬಸ್ಸಿನ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟವರು ಅಲ್ಲೇ ಕುಸಿದರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ, "ಒಡಹುಟ್ಟಿದಾಕಿ ಮಾರಿ ನೋಡಾಕ ಒಂದು ವಾಸನಿ ತಾಳಾಕ ಆಗ್ಲಿಲ್ಲ ನನಗ" ಎಂದರು.

ಅವತ್ತು ನಮ್ಮವರು ಕೆಲಸದಿಂದ ಬಂದವರೇ ಚಹಾ ಕುಡಿಯುವುದನ್ನೂ ಮರೆತು ಹೇಳಿದರು. "ವಾಸನಿನ ಇಲ್ಲದ ಗಾಡಿ ಒಂದ ಐತಿ."

ಕಾರ್ಖಾನೆಯೊಳಗೆ ಕಾಗದದ ಉರುಳೆಗಳನ್ನು ಅತ್ತಿತ್ತ ಒಯ್ಯಲು ಬ್ಯಾಟರಿಯ ಪುಟ್ಟ ಗಾಡಿಗಳಿದ್ದವು. ಹೊಗೆಯಿಲ್ಲ, ಸದ್ದಿಲ್ಲ, ಆಮೆಯ ಸ್ವಭಾವ. ಅಂಥದೊಂದು ಹಳೆಯದಾಗಿ ಗುಜರಿಗೆ ಹೋಗಿತ್ತು. ಅದರ ಮೋಟರನ್ನು ನಮ್ಮವರು ಹುಡುಕಿ ತಂದರು. ಮೈ ಸಿಕ್ಕಿದ್ದು ಜೋಯಿಡಾದಲ್ಲಿ, ಒಬ್ಬರ ಹಿತ್ತಲಲ್ಲಿ ಬಹುಕಾಲದಿಂದ ಬಿದ್ದಿದ್ದ ಹಳೇ ಪರದೇಶಿ ಕಾರು. ಅದರಲ್ಲಿ ಎಂಜಿನ್ ಇರಲಿಲ್ಲ, ಕೋಳಿಗಳಿದ್ದವು. ಅದನ್ನು ಲಾರಿಗೆ ಏರಿಸುವಾಗ ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಹೇಂಟೆ ಇಳಿಯಲೊಪ್ಪದೆ, ಮನೆಯ ಯಜಮಾನತಿ ಕೊಂಕಣಿಯಲ್ಲಿ ಅದಕ್ಕೆ ಸಮಾಧಾನ ಹೇಳಿ ಎತ್ತಿಕೊಂಡು ಹೋಗಬೇಕಾಯಿತಂತೆ. ತಿಂಗಳುಗಟ್ಟಲೆ ನಮ್ಮ ಅಂಗಳದಲ್ಲಿ ಕುಟ್ಟುವ ಬಡಿಯುವ ಸದ್ದು. ನನ್ನ ತುಳಸಿ ಗಿಡಕ್ಕೆ ಬ್ಯಾಟರಿಯ ಆಸಿಡ್ಡು ಸಿಡಿದು ಅದು ಒಣಗಿತು. ನಾನು ಗೊಣಗಿದೆ. ನಮ್ಮತ್ತೆ ಮಾತ್ರ ದಿನವೂ ಮಗನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ನೋಡುತ್ತಿದ್ದರು. ಗೋಡೆ ನೋಡುವುದನ್ನು ಬಿಟ್ಟಿದ್ದರು ಎಂಬುದಕ್ಕೆ ನಾನು ತುಳಸಿಯ ಸಾವನ್ನು ಕ್ಷಮಿಸಿದೆ.

ಕಾರು ನಡೆಯಿತು. ಓಡಿತು ಎಂದರೆ ಸುಳ್ಳಾಗುತ್ತದೆ. ಸೈಕಲ್ಲಿನವರು ನಮ್ಮ ಪಕ್ಕಕ್ಕೆ ಬಂದು, ಮನೆಮಂದಿಯ ಕುಶಲ ಕೇಳಿ, ಮುಂದೆ ಹೋಗುತ್ತಿದ್ದರು. ದಿನನಿತ್ಯದ ಬಾಳಿಗೆ ಅದು ಚಿನ್ನದಂಥ ಗಾಡಿಯೇ. ಶಾಲೆಗೆ ನನ್ನನ್ನು ಬಿಡುತ್ತಿತ್ತು, ಸಂತೆಯಿಂದ ಚೀಲ ಹೊತ್ತು ತರುತ್ತಿತ್ತು, ಸಂಜೆ ನಮ್ಮತ್ತೆಯನ್ನು ಕಾಳಿ ಹೊಳೆಯ ದಂಡೆಗೆ ಒಯ್ಯುತ್ತಿತ್ತು. ಮನೆಗೆ ಬಂದು ಎಮ್ಮೆಗೆ ಮೇವು ಹಾಕಿದಂತೆ ತಂತಿ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಸಿದ್ಧ. ಯೋಚಿಸಿ ನೋಡಿದರೆ ನಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಹೋಗುವುದೇ ಅಷ್ಟು ದೂರ. ಬೇಡುವುದು ಮಾತ್ರ ಕಾಶಿಯ ತನಕ ಹೋಗುವ ಗಾಡಿಯನ್ನು.

ಒಂದೇ ತೊಂದರೆ ಏರಿನದು. ಏರು ಬಂದ ಕೂಡಲೇ ಕಾರು ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು, ನಾನು ಇಳಿದು ದೂಡಬೇಕಾಗುತ್ತಿತ್ತು. ಸೆರಗು ಸಿಕ್ಕಿಸಿ ಕಾರು ದೂಡುವ ಟೀಚರನ್ನು ನೋಡಿದ ನನ್ನ ಶಾಲೆಯ ಮಕ್ಕಳು ಸಾಲಾಗಿ ನಿಂತು "ನಮಸ್ತೇ ಟೀಚರ್" ಎನ್ನುತ್ತಿದ್ದರು. ಕೈ ಬಿಟ್ಟು ನಮಸ್ಕಾರ ಮಾಡಿದರೆ ಕಾರು ಹಿಂದೆ ಬರುತ್ತದೆ, ಮಾಡದಿದ್ದರೆ ಶಿಸ್ತು ಹಾಳಾಗುತ್ತದೆ. ತಲೆಯಲ್ಲೇ ನಮಸ್ಕಾರ ಮಾಡುವುದನ್ನು ನಾನು ಆಗ ಕಲಿತೆ. ಸದ್ದಿಲ್ಲದ್ದರಿಂದ ಇನ್ನೊಂದು ವಿಚಿತ್ರ. ಒಮ್ಮೆ ಕುಳಗಿಯ ಕಡೆ ಹೋದಾಗ ರಸ್ತೆಯಂಚಿನಲ್ಲಿ ನಿಂತ ಚುಕ್ಕೆ ಜಿಂಕೆಗಳು ನಮ್ಮನ್ನು ಕಂಡು ಓಡಬೇಕಾದ ಪ್ರಾಣಿಯೆಂದೇ ತಿಳಿಯಲಿಲ್ಲ. ತಲೆಯೆತ್ತಿ ನೋಡಿ, ಮತ್ತೆ ಮೇಯಲು ಶುರು ಮಾಡಿದವು. ಜಿಂಕೆಯೂ ಹೆದರದ ಕಾರಿನಲ್ಲಿ ಕೂತು ನಮ್ಮತ್ತೆ ಬಾಯಿ ತುಂಬ ನಕ್ಕರು. ಆ ನಗುವನ್ನು ನಾನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದು.

ಆದರೆ ಮುಂಡಗೋಡ ಹೊಳೆಯ ದಂಡೆಯಲ್ಲವಲ್ಲ! ಬಸ್ಸಿಗೆ ಅರ್ಧ ದಿನದ ದಾರಿ. ನಮ್ಮ ಕಾರಿಗೆ ಹಳಿಯಾಳದಲ್ಲೇ ಉಸಿರು ಮುಗಿಯುತ್ತಿತ್ತು. ನಾನು ಬೇಡವೆಂದೆ. ಕಾಡಿನ ನಡುವೆ ನಿಂತರೆ ಯಾವ ಮರಕ್ಕೆ ತಂತಿ ಸಿಕ್ಕಿಸುವುದು ಎಂದೆ. ನಮ್ಮತ್ತೆ ಶಾಂತವಾಗಿ ಕೇಳಿದರು. "ಮೊದಲ ನಮ್ಮ ಮಂದಿ ಎತ್ತಿನ ಗಾಡ್ಯಾಗ ಹೋಗ್ತಿದ್ರಲ್ಲವಾ, ಎತ್ತು ದಣದ ಕೂಡ್ಲೆ ಏನ್ ಮಾಡ್ತಿದ್ರು?"

"ಕೊಳ್ಳ ಹರೀತಿದ್ರು, ನೊಗಾ ಇಳಿಸಿ ಮೇಯಾಕ ಬಿಡ್ತಿದ್ರು" ಎಂದೆ.

"ಹಂಗ ನಾವೂ ಕೊಳ್ಳ ಹರದು ಹೋಗೂಣು."

ಹಿಂದಿನವರ ದೂರದ ಅಳತೆಯೇ ಹಾಗಿತ್ತು. ಹರದಾರಿ, ಗಾವುದ ಎಂಬ ಮಾತುಗಳನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ, ಅವು ನಡೆಯುವ ಜೀವದ ದಣಿವಿನ ಲೆಕ್ಕಗಳೆಂದು ಯೋಚಿಸಿರಲಿಲ್ಲ. ದಾರಿಯುದ್ದಕ್ಕೂ ಅರವಟ್ಟಿಗೆ, ಛತ್ರ, ಕಟ್ಟೆ ಹುಟ್ಟಿದ್ದೂ ದಣಿವಿನಿಂದಲೇ. ದಣಿಯದ ಎತ್ತು ಇದ್ದಿದ್ದರೆ ನಮ್ಮ ನಾಡಿನಲ್ಲಿ ಒಂದು ಕಟ್ಟೆಯೂ ಇರುತ್ತಿರಲಿಲ್ಲವೇನೋ.

ಹೊರಟೆವು. ಬ್ಯಾಟರಿಗಳು ಹಿಂದಿನ ಸೀಟಿನ ಕೆಳಗೆ, ಅವುಗಳ ಮೇಲೆ ನಾನು. ನಮ್ಮತ್ತೆ ಮುಂದೆ, ಮಗನ ಪಕ್ಕ. ಮುಂದಿನ ಬಾನೆಟ್ಟಿನೊಳಗೆ ಎಂಜಿನ್ ಇರಬೇಕಾದ ಜಾಗ ಖಾಲಿ ಇದ್ದದ್ದರಿಂದ ಬುತ್ತಿಯ ಗಂಟು ಅಲ್ಲಿಟ್ಟಿದ್ದೆವು. ಹಳಿಯಾಳದ ಹತ್ತಿರ ಒಬ್ಬ ಪೊಲೀಸಪ್ಪ ಕೈ ಅಡ್ಡ ಹಿಡಿದರು. ಸದ್ದಿಲ್ಲದೆ ಬಂದ ಕಾರಿನ ಮೇಲೆ ಅವರಿಗೆ ಅನುಮಾನ.

"ಎಂಜಿನ್ ಬಂದ್ ಮಾಡಿ ಇಳಿಜಾರದಾಗ ಬಿಟ್ಟೀರೇನು?"

"ಎಂಜಿನ್ ಇಲ್ಲರಿ ಇದಕ್ಕ" ಎಂದರು ನಮ್ಮವರು.

"ಎಂಜಿನ್ ಇಲ್ದ ಹೆಂಗ ಬರ್ತೈತ್ರಿ? ಬಾನೆಟ್ ತಗೀರಿ."

ತೆಗೆದರು. ಒಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ಪೊಲೀಸಪ್ಪ ಬಹಳ ಹೊತ್ತು ನೋಡಿದರು. ನಮ್ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹಸದೀರೇನು ತಮ್ಮಾ? ತಗೋರಿ, ಬಾಳ ಅದಾವು" ಎಂದರು. ಅವರು ಒಂದು ರೊಟ್ಟಿ ತೆಗೆದುಕೊಂಡು, ಸುರುಳಿ ಸುತ್ತಿ ಕಚ್ಚುತ್ತ, "ಹೋಗ್ರಿ ಹೋಗ್ರಿ, ರೊಟ್ಟಿ ಮ್ಯಾಲ ನಡಿಯೂ ಗಾಡಿಗೆ ಏನ್ ಕೇಸ್ ಹಾಕ್ಲಿ" ಎಂದು ದಾರಿ ಬಿಟ್ಟರು.

ಹಳಿಯಾಳದಲ್ಲಿ ನಮ್ಮವರ ಗೆಳೆಯರ ಮನೆಯಲ್ಲಿ ಚಾರ್ಜು ಮಾಡಿ, ಮರುದಿನ ಬೆಳಿಗ್ಗೆ ಹೊರಟೆವು. ರಾತ್ರಿ ಕರೆಂಟು ಹೋಗಿ ಬಂದು ಮಾಡಿದ್ದರಿಂದ ಬ್ಯಾಟರಿಗಳ ಹೊಟ್ಟೆ ತುಂಬಿರಲಿಲ್ಲ. ಸಾಂಬ್ರಾಣಿ ಎಂಬ ಊರಿಗೆ ಬರುವಷ್ಟರಲ್ಲಿ ಕಾರು ನಿಂತೇ ಬಿಟ್ಟಿತು. ನಿಂತದ್ದು ಒಂದು ಹಿಟ್ಟಿನ ಗಿರಣಿಯ ಮುಂದೆ, ಅದು ನಮ್ಮ ಪುಣ್ಯ. ಆ ಕೇರಿಯಲ್ಲಿ ಕರೆಂಟು ಇದ್ದದ್ದು ಅಲ್ಲೊಂದೇ ಕಡೆ. ಕಾಳಿ ಹೊಳೆಗೆ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಬೆಳಕು ಕೊಡುತ್ತೇವೆಂದು ಹೇಳುತ್ತಿದ್ದ ಕಾಲ. ಆ ಬೆಳಕು ನಮ್ಮ ಕಾಡಿನ ಮನೆಗಳನ್ನು ದಾಟಿಕೊಂಡು, ತಂತಿಯ ಮೇಲೆ, ಬೇರೆಲ್ಲಿಗೋ ಹೋಗುತ್ತಿತ್ತು.

ಗಿರಣಿಯ ಯಜಮಾನರು ಒಳ್ಳೆಯವರೇ. ಆದರೆ ತಲೆ ಕೆರೆದುಕೊಂಡರು. ಗಿರಣಿ ತಿರುಗಿದರೆ ನಮ್ಮ ಚಾರ್ಜರಿಗೆ ಕರೆಂಟು ಸಾಲದು, ಚಾರ್ಜರು ನಡೆಯಬೇಕೆಂದರೆ ಗಿರಣಿ ನಿಲ್ಲಬೇಕು. ಜೋಳ, ಅಕ್ಕಿಯ ಬುಟ್ಟಿ ಹಿಡಿದುಕೊಂಡು ಹೆಂಗಸರ ಸಾಲೇ ನಿಂತಿತ್ತು. ಅಲ್ಲಿ ಮರಾಠಿಯವರಿದ್ದರು, ಸಿದ್ದಿ ಜನಾಂಗದ ಹೆಂಗಸರಿದ್ದರು, ಎಲ್ಲರೂ ಹೊಲದ ಕೆಲಸ ಬಿಟ್ಟು ಬಂದವರು. "ಇವರೆಲ್ಲಾರ ಹಿಟ್ಟು ಮುಗೀಲಿ, ಸಂಜೀಕ ಕೊಡ್ತೇನಿ" ಎಂದರು ಯಜಮಾನರು. ಅದು ನ್ಯಾಯದ ಮಾತು. ಆದರೆ ಆ ದಿನಗಳಲ್ಲಿ ಸಂಜೆ ಅಲ್ಲಿ ಕರೆಂಟು ಇರುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಹುಸೇನಬಿ ಎಂಬ ಸಿದ್ದಿ ಹೆಂಗಸು. ನಮ್ಮತ್ತೆಗಿಂತ ಸ್ವಲ್ಪ ಚಿಕ್ಕವಳು, ಎತ್ತರದ ಆಳು. ಆಕೆ ಬುಟ್ಟಿ ಕೆಳಗಿಟ್ಟು ಕಾರಿನ ಹತ್ತಿರ ಬಂದಳು.

"ಎಲ್ಲಿಗೆ ಹೊಂಟೀರಿ ಅವ್ವಾ, ಇಷ್ಟ ತ್ರಾಸ ಮಾಡಕೊಂಡು?"

"ಮುಂಡಗೋಡಕ್ಕ. ನನ್ನ ತಂಗಿ ಸೊಂಟಾ ಮುರಕೊಂಡು ಬಿದ್ದಾಳವಾ. ನನಗ ಬಸ್ಸಿನ ವಾಸನಿ ಆಗೂದಿಲ್ಲ. ನೋಡಿ ಎಷ್ಟೋ ದಿನಾತು."

ಹುಸೇನಬಿ ಸಾಲಿನ ಕಡೆ ತಿರುಗಿದಳು. "ಏ ಕೇಳ್ರೇ. ಹಿಟ್ಟು ನಾಳೆ ಬೀಸಿದ್ರೂ ಹಿಟ್ಟ. ಒಂದಿನ ಅನ್ನಾ ಉಂಡ್ರ ಯಾರೂ ಸಾಯೂದಿಲ್ಲ. ಏನಂತೀರಿ?"

ಹಿಂದೆ ನಿಂತಿದ್ದ ಒಬ್ಬಾಕೆ ಗೊಣಗಿದಳು. ಆಕೆಯ ಮನೆಯಲ್ಲಿ ಅಂದು ಕೂಲಿಯಾಳುಗಳಿಗೆ ರೊಟ್ಟಿ ಆಗಬೇಕಿತ್ತು. ನಮ್ಮತ್ತೆ ನನಗೆ ಕಣ್ಣು ಮಾಡಿದರು. ನಾನು ಬಾನೆಟ್ಟು ತೆಗೆದು ರೊಟ್ಟಿಯ ಗಂಟು ಇಡಿಯಾಗಿ ಆಕೆಯ ಬುಟ್ಟಿಗೆ ಇಟ್ಟೆ. ಆಕೆ ನಾಚಿ ಬೇಡವೆಂದಳು, ನಮ್ಮತ್ತೆ ಗದರಿ ಕೊಡಿಸಿದರು. ಗಿರಣಿ ನಿಂತಿತು. ಆ ಮೌನದಲ್ಲಿ ನಮ್ಮ ಚಾರ್ಜರು ಜೇನುನೊಣದಂತೆ ಗುಂಯ್‌ಗುಟ್ಟಲು ಶುರು ಮಾಡಿತು. ಸಾಲು ಚದುರಿತು. ಹೋಗುವಾಗ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾರನ್ನು ಮುಟ್ಟಿ, ನಮ್ಮತ್ತೆಗೆ "ತಂಗೀನ್ನ ಕೇಳಿದ್ವಿ ಅನ್ರಿ" ಎಂದು ಹೇಳಿ ಹೋದರು. ಯಾರೂ ನೀಲವ್ವನನ್ನು ಕಂಡವರಲ್ಲ.

ಇಡೀ ಹಗಲು ನಾವು ಹುಸೇನಬಿಯ ಮನೆಯಲ್ಲಿದ್ದೆವು. ನಮ್ಮತ್ತೆ ಕಟ್ಟಳೆಯ ಹೆಂಗಸು. ಊರಲ್ಲಿ ನೆರೆಮನೆಯ ನೀರನ್ನೂ ವಿಚಾರ ಮಾಡಿ ಕುಡಿಯುವವರು. ಹುಸೇನಬಿ ಚಹಾ ತಂದಿಟ್ಟಳು. ನಮ್ಮತ್ತೆ ಬಟ್ಟಲು ನೋಡಿದರು, ಹುಸೇನಬಿಯ ಮುಖ ನೋಡಿದರು, ಎತ್ತಿ ಕುಡಿದರು. ಕುಡಿದು, "ಸಕ್ರಿ ಜಾಸ್ತಿ ಆತು" ಎಂದರು. ಅವರು ಚಹಾದಲ್ಲಿ ತಪ್ಪು ಹುಡುಕಿದರೆಂದರೆ ಆ ಮನೆ ಅವರಿಗೆ ಸ್ವಂತವಾಯಿತೆಂದೇ ಅರ್ಥ.

ಹುಸೇನಬಿ ಅರ್ಧ ಹೊಲಿದ ಕೌದಿಯೊಂದನ್ನು ಹಾಸಿ ಕೂತಿದ್ದಳು. ಹಳೇ ಸೀರೆಯ ಬಣ್ಣಬಣ್ಣದ ತುಂಡುಗಳು, ಅವುಗಳ ಮೇಲೆ ಇರುವೆಯ ಸಾಲಿನಂಥ ಹೊಲಿಗೆ. ನಮ್ಮತ್ತೆಯೂ ಕೌದಿ ಹೊಲಿಯುವವರೇ. ಕನ್ನಡಕ ಏರಿಸಿ ಹೊಲಿಗೆ ನೋಡಿದರು. "ಮೂಲಿಗೆ ಇದೇನಿದು, ಮಡಚಿ ಮಡಚಿ ಹಚ್ಚೀದಿ?"

"ಹೂವಾ ಅವ್ವಾ. ನಾಕೂ ಮೂಲಿಗೆ ಹೂವಾ ಹಚ್ಚಲಿಲ್ಲಂದ್ರ ಕೌದಿ ಬೆತ್ತಲಿದ್ದಂಗ. ಹೊಚಗೊಂಡ್ರೂ ಥಂಡಿ ಹೋಗೂದಿಲ್ಲ."

"ಕೊಡಿಲ್ಲೆ ಸೂಜಿ" ಎಂದರು ನಮ್ಮತ್ತೆ. ಮಧ್ಯಾಹ್ನದವರೆಗೂ ಇಬ್ಬರೂ ಎದುರುಬದುರು ಕೂತು ಹೊಲಿದರು, ಅತ್ತೆ ಒಂದು ಮೂಲೆ, ಆಕೆ ಒಂದು ಮೂಲೆ. ತಂತಮ್ಮ ತಂಗಿಯರ ವಿಷಯ ಮಾತಾಡಿಕೊಂಡರು. ಹುಸೇನಬಿಯ ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಳಂತೆ. ಸುದ್ದಿ ಮುಟ್ಟಿ ಈಕೆ ಕಾಡುದಾರಿ ಹಿಡಿದು ನಡೆದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಗಿರಣಿಯನ್ನು ಆಕೆ ಯಾಕೆ ನಿಲ್ಲಿಸಿದಳೆಂದು ನನಗೆ ಆಗ ಅರ್ಥವಾಯಿತು. ನಮ್ಮತ್ತೆ ಸೂಜಿಗೆ ದಾರ ಪೋಣಿಸಿ ಆಕೆಯ ಕೈಗೆ ಕೊಟ್ಟರು, ಅಷ್ಟೇ.

ಅಲ್ಲಿಂದ ಕಿರವತ್ತಿಯ ಹತ್ತಿರ ಒಂದು ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಇನ್ನೊಮ್ಮೆ ಕೊಳ್ಳ ಹರಿದೆವು. ಮುಂಡಗೋಡ ಕಣ್ಣಿಗೆ ಕಾಣುವಷ್ಟು ಹತ್ತಿರವಾದಾಗ, ಅಲ್ಲಿ ನೆಲೆಸಿದ ಟಿಬೆಟ್ಟಿನವರ ಗೋವಿನಜೋಳದ ಹೊಲಗಳ ಪಕ್ಕದ ಒಂದು ಪುಟ್ಟ ಏರಿನಲ್ಲಿ ಕಾರು ಪೂರ್ತಿ ಸತ್ತಿತು. ನಾನೂ ನಮ್ಮವರೂ ಎಷ್ಟು ದೂಡಿದರೂ ಮಿಸುಕಲಿಲ್ಲ. ಹೊಲದಿಂದ ಮರಳುತ್ತಿದ್ದ ರೈತನೊಬ್ಬ ನಿಂತು ನೋಡಿ, ಏನೂ ಕೇಳದೆ ತನ್ನ ಜೋಡೆತ್ತುಗಳನ್ನು ಮುಂದೆ ಕಟ್ಟಿದ. ಹೀಗೆ, ಪರದೇಶದಲ್ಲಿ ಹುಟ್ಟಿ, ಜೋಯಿಡಾದಲ್ಲಿ ಕೋಳಿ ಸಾಕಿ, ದಾಂಡೇಲಿಯಲ್ಲಿ ಮರುಜನ್ಮ ಪಡೆದ ಕಾರು, ಗಂಟೆ ಕಟ್ಟಿದ ಎತ್ತುಗಳ ಹಿಂದೆ ಗಂಭೀರವಾಗಿ ಮುಂಡಗೋಡ ಪ್ರವೇಶ ಮಾಡಿತು. ನಮ್ಮತ್ತೆ ಸೆರಗು ಸರಿಮಾಡಿಕೊಂಡು ಮಹಾರಾಣಿಯಂತೆ ಕೂತಿದ್ದರು.

ನೀಲವ್ವನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಗಂಟೆಯ ಸದ್ದಿಗೆ ತಲೆಯೆತ್ತಿ ಹೊರಗೆ ನೋಡಿದಳು. ಮೊದಲು ಎತ್ತು ಕಂಡವು, ಆಮೇಲೆ ಕಾರು, ಆಮೇಲೆ ಅಕ್ಕ. ಅಳುತ್ತಾಳೆಂದು ನಾನು ತಯಾರಾಗಿದ್ದೆ. ಆಕೆ ನಗಲು ಶುರು ಮಾಡಿದಳು. ಸೊಂಟದ ನೋವಿಗೆ "ಅಯ್ಯೋ ಅಯ್ಯೋ" ಎನ್ನುತ್ತ ನಗುತ್ತಿದ್ದಳು. "ಅಕ್ಕಾ, ಎತ್ತ ಕಟಗೊಂಡು ಬರೂದಿತ್ತಂದ್ರ ಇಷ್ಟ ವರ್ಷ ಯಾಕ ತಡಾ ಮಾಡಿದಿ?"

"ನಿನ್ನ ಮಾರಿ ನೋಡಾಕ ಅವಸರಾ ಏನಿತ್ತು?" ಎಂದರು ನಮ್ಮತ್ತೆ. ಹಾಗೆಂದು ಮಂಚದ ಮೇಲೆ ಕೂತು, ತಂಗಿಯ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ಇಬ್ಬರ ಕಣ್ಣೂ ಆಮೇಲೆ ತಮ್ಮ ಕೆಲಸ ತಾವು ಮಾಡಿದವು.

ನಮ್ಮಿಬ್ಬರಿಗೂ ರಜೆ ಮುಗಿಯಿತು. ನಮ್ಮತ್ತೆ ಅಲ್ಲೇ ಉಳಿದರು, ಅವರಿಗಾಗಿ ಕಾರನ್ನೂ ಬಿಟ್ಟೆವು. ನಾವು ಬಸ್ಸಿನಲ್ಲಿ ಬಂದೆವು. ಅರ್ಧ ದಿನದಲ್ಲಿ ದಾಂಡೇಲಿ ಮುಟ್ಟಿದೆವು. ದಾರಿಯಲ್ಲಿ ಸಾಂಬ್ರಾಣಿ ಕಿಟಕಿಯ ಹೊರಗೆ ಬಂದು ಹೋದದ್ದು ತಿಳಿಯಲೇ ಇಲ್ಲ. ಬಸ್ಸಿಗೆ ದಣಿವಿಲ್ಲ, ಹಾಗಾಗಿ ಅದಕ್ಕೆ ಪರಿಚಯದವರೂ ಇಲ್ಲ ಎನಿಸಿ ಸ್ವಲ್ಪ ಕಸಿವಿಸಿಯಾಯಿತು.

ದೂರದ ಪ್ರಯಾಣಕ್ಕೆ ಬ್ಯಾಟರಿ ಕಾರು ಹೊಂದುತ್ತದೆಯೇ ಎಂದು ನೀವು ಕೇಳಿದರೆ, ಅವಸರವಿದ್ದರೆ ಇಲ್ಲವೆಂದೇ ಪ್ರಾಮಾಣಿಕವಾಗಿ ಹೇಳುತ್ತೇನೆ. ಮುಂದೆಂದೋ ಜಾಣರು ಮೇಲಾದ ಬ್ಯಾಟರಿ ಮಾಡಿಯಾರು, ಊರೂರಿಗೆ ಕರೆಂಟು ಬಂದೀತು. ಬರಲಿ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ.

ಕೆಲವು ತಿಂಗಳ ನಂತರ ನಾವು ಮುಂಡಗೋಡಕ್ಕೆ ಹೋದೆವು. ಬಸ್ಸಿಳಿದು ಕೆರೆಯ ದಾರಿಯಲ್ಲಿ ನಡೆಯುತ್ತಿದ್ದಾಗ ಎದುರಿಗೆ ಕಾರು ಸದ್ದಿಲ್ಲದೆ ಬರುವುದು ಕಂಡಿತು. ನಮ್ಮವರು ನಿಂತಲ್ಲೇ ನಿಂತರು. ಸ್ಟೇರಿಂಗ್ ಹಿಡಿದು ಕೂತವರು ನಮ್ಮತ್ತೆ. ಗೇರಿಲ್ಲ, ಕ್ಲಚ್ಚಿಲ್ಲ, ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನೀಲವ್ವನ ಮಗ ಕಲಿಸಿದ್ದನಂತೆ. ಪಕ್ಕದಲ್ಲಿ ದಿಂಬುಗಳ ನಡುವೆ ನೀಲವ್ವ, ಕೈಕೋಲನ್ನು ಕಿಟಕಿಯ ಹೊರಗೆ ಚಾಚಿ ದಾರಿಯ ಮೇಲಿನ ಆಡುಗಳನ್ನು ಬದಿಗೆ ಸರಿಸುತ್ತಿದ್ದಳು. ಆಡು ಎಡಕ್ಕೆ ಹೋದೀತೋ ಬಲಕ್ಕೆ ಹೋದೀತೋ ಎಂದು ಇಬ್ಬರಿಗೂ ಜಗಳ ಹತ್ತಿತ್ತು.

ಕಾರು ನಮ್ಮ ಪಕ್ಕಕ್ಕೆ ಬಂದಿತು. ನಮ್ಮವರು "ಅವ್ವಾ, ಎಲ್ಲಿಗೆ ಹೊಂಟೀರಿ ಇಬ್ರೂ?" ಎಂದರು.

"ಎಲ್ಲಿಗೂ ಇಲ್ಲೋ" ಎಂದರು ನಮ್ಮತ್ತೆ, ದಾರಿಯಿಂದ ಕಣ್ಣು ತೆಗೆಯದೆ. "ಸುಮ್ನ ಹೊಂಟೇವಿ."

ಮಗ ಸೊಸೆ ಬಂದರೆಂದು ಅವರು ಕಾರು ನಿಲ್ಲಿಸಲಿಲ್ಲ. ಕೆರೆಯ ಏರಿಯ ಮೇಲೆ ಅದು ಮೆಲ್ಲಗೆ ದೂರವಾಗುತ್ತ ಹೋಯಿತು. ಚಾರ್ಜು ಎಷ್ಟಿದೆಯೋ ಎಂದು ನಮ್ಮವರು ಚಡಪಡಿಸಿದರು. "ಎಲ್ಲಿಗೂ ಹೋಗದವರಿಗೆ ಅದು ಕಡಿಮಿ ಬೀಳೂದಿಲ್ಲ, ಬರ್ರಿ, ಹೋಗಿ ಚಹಾ ಮಾಡೂಣು" ಎಂದು ನಾನು ಅವರ ಕೈ ಹಿಡಿದು ನೀಲವ್ವನ ಮನೆಯ ದಾರಿ ಹಿಡಿದೆ.